ಜಂಬು: ಹಿಮಾಲಯದ ಕಾಡು ಈರುಳ್ಳಿಯನ್ನು ಕೊಳ್ಳುವುದು, ಇಡುವುದು, ಒಗ್ಗರಣೆ ಹಾಕುವುದು

ಮುನ್ಸಿಯಾರಿಯ ಒಂದು ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದೆ. ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯಲ್ಲಿ, ಸುಮಾರು 2,200 ಮೀಟರ್ ಎತ್ತರದಲ್ಲಿರುವ ಊರು ಅದು. ಒಲೆಯ ಮೇಲೆ ಉದ್ದಿನ ಬೇಳೆ ಬೆಂದು ಕೊತಕೊತ ಅನ್ನುತ್ತಿತ್ತು. ಮನೆಯ ಅಜ್ಜಿ ಸಣ್ಣ ಕಬ್ಬಿಣದ ಸೌಟಿನಲ್ಲಿ ತುಪ್ಪ ಕಾಯಿಸಿದರು. ಆಮೇಲೆ ಡಬ್ಬಿಯಿಂದ ಒಣಹುಲ್ಲಿನಂಥದ್ದನ್ನು ಒಂದು ಚಿಟಿಕೆ ತೆಗೆದು ಅದರೊಳಗೆ ಉದುರಿಸಿದರು. ಚುರ್ ಅಂದಿತು. ನಾನು ಬಗ್ಗಿ ನೋಡುವಷ್ಟರಲ್ಲಿ ಸೌಟು ಬೇಳೆಯಲ್ಲಿ ಮುಳುಗಿತ್ತು, ಪಾತ್ರೆಯ ಮುಚ್ಚಳ ಬಿದ್ದಿತ್ತು. ಆದರೂ ಆ ಘಮ ಹೊರಗೆ ಬಂದೇಬಿಟ್ಟಿತು. ಬೆಳ್ಳುಳ್ಳಿಯೂ ಅಲ್ಲ, ಈರುಳ್ಳಿಯೂ ಅಲ್ಲ, ಎರಡನ್ನೂ ತುಪ್ಪದಲ್ಲಿ ಹುರಿದು ಅದಕ್ಕೆ ಸ್ವಲ್ಪ ಹೊಗೆ ಕೊಟ್ಟಂಥ ವಾಸನೆ.

ಅದೇ ಜಂಬು. ಹೆಸರು ಕೇಳಿ ಜಂಬುನೇರಳೆ ನೆನಪಾದರೆ ಅದನ್ನು ಮರೆತುಬಿಡಿ, ಎರಡಕ್ಕೂ ಸಂಬಂಧವೇ ಇಲ್ಲ. ಇದು ಹಿಮಾಲಯದ ಎತ್ತರದಲ್ಲಿ ಬೆಳೆಯುವ ಕಾಡು ಈರುಳ್ಳಿ. ತಿನ್ನುವುದು ಗೆಡ್ಡೆಯನ್ನಲ್ಲ, ಎಲೆಯನ್ನು, ಅದೂ ಒಣಗಿಸಿ. ಚಾರಣಕ್ಕೆ ಹೋದವರು ಒಂದು ಪೊಟ್ಟಣ ತಂದಿರುತ್ತಾರೆ. ಹೇಗೆ ಬಳಸಬೇಕು ಅಂತ ಗೊತ್ತಿಲ್ಲದೆ ಅದು ಡಬ್ಬಿಯಲ್ಲೇ ಕೂತಿರುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜಂಬುವಿನ ಅಡುಗೆಯಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಒಂದೇ: ಬಿಸಿ ತುಪ್ಪದಲ್ಲಿ ಅದು ಇರುವ ಆ ಐದಾರು ಸೆಕೆಂಡು. ಅದನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಯಾವ ಗಿಡ ಇದು?

ಹೆಸರುಗಳು ಊರಿಗೊಂದರಂತೆ ಇವೆ. ಉತ್ತರಾಖಂಡದ ಪೂರ್ವ ಭಾಗವಾದ ಕುಮಾಊಂನಲ್ಲಿ ಜಂಬು. ಪಶ್ಚಿಮ ಭಾಗವಾದ ಗಢವಾಲದ ಕಡೆ ಫರಣ್ ಅನ್ನುವುದೂ ಇದೆ. ನೇಪಾಳಕ್ಕೆ ಹೋದರೆ ಜಿಂಬು, ಲಡಾಖಿನಲ್ಲಿ ಸ್ಕೋಟ್ಸೆ. ಎಲ್ಲವೂ ಈರುಳ್ಳಿ ಬೆಳ್ಳುಳ್ಳಿಯ ಕುಲವಾದ ಅಲಿಯಂಗೆ ಸೇರಿದವು. ಆದರೆ ಎಲ್ಲ ಕಡೆಯೂ ಒಂದೇ ಗಿಡವಲ್ಲ. ಉತ್ತರಾಖಂಡದ ಜಂಬು ಹೆಚ್ಚಾಗಿ ಅಲಿಯಂ ಸ್ಟ್ರೇಚಿಯಿ. ರಿಚರ್ಡ್ ಸ್ಟ್ರೇಚಿ ಎಂಬ ಬ್ರಿಟಿಷ್ ಅಧಿಕಾರಿ 1840ರ ದಶಕದ ಕೊನೆಯಲ್ಲಿ ಕುಮಾಊಂ, ಗಢವಾಲ ಸುತ್ತಿ ಗಿಡಗಳನ್ನು ಸಂಗ್ರಹಿಸಿದ್ದರು. ಅವರ ಹೆಸರನ್ನೇ ಗಿಡಕ್ಕೆ ಇಟ್ಟರು. ನೇಪಾಳದ ಜಿಂಬು ಬೇರೆ ಎರಡು ಜಾತಿ, ಅಲಿಯಂ ಹಿಪ್ಸಿಸ್ಟಂ ಮತ್ತು ಅಲಿಯಂ ಪ್ರಜೆವಾಲ್ಸ್ಕಿಯಾನಂ. ಮುಸ್ತಾಂಗ್, ಮನಾಂಗ್, ಡೋಲ್ಪಾ ಕಡೆಯ ಒಣ ಬೆಟ್ಟಗಳಿಂದ ಅದು ಕಾಠ್ಮಂಡುವಿನ ಅಡುಗೆಮನೆವರೆಗೆ ಬರುತ್ತದೆ. ಅಡುಗೆಯ ಮಟ್ಟಿಗೆ ಮೂರನ್ನೂ ಒಂದೇ ಥರ ಬಳಸಬಹುದು.

ಇದನ್ನು ಬೆಳೆದು, ಒಣಗಿಸಿ, ಕೆಳಗಿನ ಊರುಗಳಿಗೆ ತಂದವರು ಗಡಿ ಕಣಿವೆಗಳ ಭೋಟಿಯಾ ಜನ. ಬೇಸಿಗೆಯಲ್ಲಿ ಅವರು ಜೋಹಾರ್, ದಾರ್ಮಾ, ನೀತಿ, ಮಾಣಾ ಕಣಿವೆಗಳ ಮೇಲಿನ ಹಳ್ಳಿಗಳಿಗೆ ಹೋಗುತ್ತಾರೆ, ಚಳಿಗಾಲಕ್ಕೆ ಕೆಳಗಿಳಿಯುತ್ತಾರೆ. ಹಿಂದೆ ಟಿಬೆಟಿನ ಜೊತೆ ಉಪ್ಪು, ಉಣ್ಣೆ, ಧಾನ್ಯದ ವ್ಯಾಪಾರವೇ ಅವರ ಬದುಕಾಗಿತ್ತು. 1962ರ ಯುದ್ಧದ ನಂತರ ಅದು ನಿಂತಿತು. ಮಿಲಂನಂಥ ದೊಡ್ಡ ಊರುಗಳು ಬಹುಪಾಲು ಖಾಲಿಯಾದವು. ಜಂಬು ಮಾತ್ರ ಇನ್ನೂ ಮೇಲಿನಿಂದ ಕೆಳಗೆ ಬರುತ್ತಿದೆ. ಮನೆಯ ಪಕ್ಕದ ಕಲ್ಲುಗೋಡೆಯ ತುಂಡು ಜಾಗದಲ್ಲಿ ಅದನ್ನು ಬೆಳೆಯುತ್ತಾರೆ. ಎಲೆಯನ್ನಷ್ಟೇ ಕತ್ತರಿಸಿ ಗೆಡ್ಡೆಯನ್ನು ಮಣ್ಣಲ್ಲೇ ಬಿಡುತ್ತಾರೆ. ಹಾಗಾಗಿ ಒಂದೇ ಗಿಡ ಮತ್ತೆ ಮತ್ತೆ ಚಿಗುರುತ್ತದೆ.

ಕೊಳ್ಳುವಾಗ

ಒಳ್ಳೆಯ ಜಂಬು ನೋಡಲು ಏನೂ ಚೆಂದ ಇರುವುದಿಲ್ಲ. ತೆಳ್ಳಗಿನ ಒಣ ಎಳೆಗಳು, ಕಂದು ಬೆರೆತ ಹಸಿರು, ಕೆಲವೊಮ್ಮೆ ಮಧ್ಯೆ ಒಣಗಿದ ಹೂವಿನ ಚೂರುಗಳು. ಹೂವಿದ್ದರೆ ಕಲಬೆರಕೆ ಅಂತ ಅಂದುಕೊಳ್ಳಬೇಡಿ. ಅದರಲ್ಲೂ ಘಮ ಇರುತ್ತದೆ. ಬೇಡವಾದದ್ದು ದಪ್ಪ ಕಡ್ಡಿ, ದೂಳು, ಪೂರ್ತಿ ಹಳದಿಯಾಗಿ ಹುಲ್ಲಿನಂತಾದ ಎಲೆ.

ಮೂಗಿಗೆ ಹಿಡಿದು ತೀರ್ಮಾನ ಮಾಡಬೇಡಿ. ಒಣಗಿದ ಜಂಬು ಹೆಚ್ಚು ವಾಸನೆ ಬಿಟ್ಟುಕೊಡುವುದಿಲ್ಲ. ನಾಲ್ಕು ಎಳೆ ತೆಗೆದು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ, ಆಮೇಲೆ ಮೂಸಿ. ಅಷ್ಟಕ್ಕೂ ಅನುಮಾನ ಹೋಗದಿದ್ದರೆ ಒಂದು ಎಳೆಯನ್ನು ಬಾಯಿಗೆ ಹಾಕಿ ನಿಧಾನವಾಗಿ ಅಗಿಯಿರಿ. ಮೊದಲು ಹುಲ್ಲು ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಎಲೆ ನೆನೆದು ಈರುಳ್ಳಿ ಬೆಳ್ಳುಳ್ಳಿಯ ಖಾರ ನಾಲಿಗೆಗೆ ಬರಬೇಕು. ಬರಲಿಲ್ಲ ಅಂದರೆ ಅದು ಹಳೆಯದು, ಇಲ್ಲವೇ ಜಂಬುವೇ ಅಲ್ಲ. ಮುಗ್ಗಲು ವಾಸನೆ ಇದ್ದರೆ ಮುಟ್ಟಲೇಬೇಡಿ. ಸರಿಯಾಗಿ ಒಣಗಿಸದೆ ಕಟ್ಟಿಟ್ಟಾಗ ಹಾಗಾಗುತ್ತದೆ. ಬಿಸಿಲಿಗೆ ಹಾಕಿದರೂ ಆ ವಾಸನೆ ಹೋಗುವುದಿಲ್ಲ.

50 ಗ್ರಾಂ ತೆಗೆದುಕೊಳ್ಳಿ, ಸಾಕು. ಹತ್ತಿಯಷ್ಟು ಹಗುರ, ಒಮ್ಮೆಗೆ ಬೇಕಾಗುವುದು ಒಂದು ಚಿಟಿಕೆ. ಸಣ್ಣ ಕುಟುಂಬಕ್ಕೆ ಅದು ತಿಂಗಳುಗಟ್ಟಲೆ ಬರುತ್ತದೆ. ಸಾಧ್ಯವಾದರೆ ಬೆಳೆದವರಿಂದಲೋ, ಮುನ್ಸಿಯಾರಿ, ಧಾರ್ಚುಲಾ, ಜೋಶಿಮಠದಂಥ ಊರುಗಳಲ್ಲಿ ಮೇಲಿನ ಹಳ್ಳಿಗಳಿಂದ ತಂದು ಮಾರುವವರಿಂದಲೋ ಕೊಳ್ಳಿ. ಈ ವರ್ಷದ್ದೇ, ಹೋದ ವರ್ಷದ್ದೇ ಅಂತ ಕೇಳಿ. ಅವರು ನೇರವಾಗಿ ಹೇಳುತ್ತಾರೆ.

ಬೆಟ್ಟದಲ್ಲಿ ಕಣ್ಣಿಗೆ ಬಿದ್ದರೆ

ಕೀಳಬೇಡಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಎತ್ತರದಲ್ಲಿ ಗಿಡ ಬೆಳೆಯುವ ಕಾಲವೇ ಕೆಲವು ತಿಂಗಳು. ಗೆಡ್ಡೆ ಸಮೇತ ಕಿತ್ತರೆ ಆ ಜಾಗ ಖಾಲಿಯಾಗುತ್ತದೆ. ಭಾರತದ ಅಪಾಯದಲ್ಲಿರುವ ಸಸ್ಯಗಳ ಕೆಂಪು ಪಟ್ಟಿಯಲ್ಲೂ ಉತ್ತರಾಖಂಡದ ಜಂಬುವಾದ ಅಲಿಯಂ ಸ್ಟ್ರೇಚಿಯಿಯ ಹೆಸರಿದೆ. ಹೂಗಳ ಕಣಿವೆ, ನಂದಾದೇವಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಯಾವ ಗಿಡವನ್ನೂ ಕೀಳುವಂತಿಲ್ಲ, ಎಲೆಯನ್ನೂ ಕೂಡ.

ಇನ್ನೊಂದು ಕಾರಣ ನಿಮ್ಮ ಜೀವದ್ದೇ. ಅದೇ ಹುಲ್ಲುಗಾವಲುಗಳಲ್ಲಿ ವತ್ಸನಾಭಿಯಂಥ ಕಡುವಿಷದ ಗಿಡಗಳೂ ಬೆಳೆಯುತ್ತವೆ. ಅದರ ಎಲೆ ಈರುಳ್ಳಿಯ ಹಾಗೆ ಇಲ್ಲ, ನಿಜ. ಆದರೆ ಒತ್ತೊತ್ತಾಗಿ ಬೆಳೆದ ಕಡೆ ಕೈಗೆ ಸಿಕ್ಕಿದ್ದನ್ನು ಹಿಡಿಯಷ್ಟು ಎಳೆದುಕೊಂಡರೆ ಏನೆಲ್ಲ ಸೇರಿಕೊಂಡಿತು ಅಂತ ಗೊತ್ತಾಗುವುದಿಲ್ಲ. ‘ಉಜ್ಜಿ ಮೂಸಿದರೆ ಈರುಳ್ಳಿ ವಾಸನೆ ಬರುತ್ತೆ, ಅಷ್ಟು ಸಾಕು’ ಅನ್ನುವವರಿದ್ದಾರೆ. ಮೊದಲ ಎಲೆಗೆ ಆ ಪರೀಕ್ಷೆ ಸರಿ. ಎರಡನೆಯದಕ್ಕೆ ಕೈ ಹಾಕುವಾಗ ಬೆರಳಿಗೇ ಈರುಳ್ಳಿ ವಾಸನೆ ಹತ್ತಿರುತ್ತದೆ. ಆಮೇಲೆ ಯಾವ ಹುಲ್ಲು ಉಜ್ಜಿದರೂ ಅದೇ ವಾಸನೆ ಬರುತ್ತದೆ, ಅಲ್ವಾ? ಗಿಡವನ್ನು ಹುಟ್ಟಿನಿಂದ ನೋಡಿದ ಊರವರು ಪಕ್ಕದಲ್ಲಿ ನಿಂತು ತೋರಿಸಿದರೆ ನೋಡಿ, ಫೋಟೋ ತೆಗೆದುಕೊಳ್ಳಿ. ತಿನ್ನಲು ಅವರ ಮನೆಯದನ್ನೇ ಕೊಳ್ಳಿ.

ಕುಂಡದಲ್ಲಿ ಬೆಳೆಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಿಮ ಬೀಳುವ ಚಳಿಗಾಲದಲ್ಲಿ ಮಲಗಿ ಎದ್ದು ಅಭ್ಯಾಸವಿರುವ ಗಿಡ ಇದು. ಬಿಸಿಯ ಊರುಗಳಲ್ಲಿ ಪ್ರಯತ್ನ ಪಟ್ಟು ಪ್ರಯೋಜನವಿಲ್ಲ.

ಇಡುವುದು

ಗಾಜಿನ ಬಾಟಲಿ, ಬಿಗಿ ಮುಚ್ಚಳ, ಬೆಳಕು ಬೀಳದ ಜಾಗ. ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಘಮ ಹೊರಗೆ ಸೋರುತ್ತದೆ, ಪಕ್ಕದಲ್ಲಿರುವ ಟೀ ಪುಡಿಗೂ ಹತ್ತುತ್ತದೆ. ಪುಡಿ ಮಾಡಿ ಇಡಬೇಡಿ. ಎಳೆ ಎಳೆಯಾಗಿಯೇ ಇರಲಿ, ಬೇಕಾದಾಗ ಬೆರಳಲ್ಲಿ ಮುರಿದುಕೊಂಡರಾಯಿತು. ಮಳೆಗಾಲದಲ್ಲಿ ಒದ್ದೆ ಕೈಯನ್ನು ಬಾಟಲಿಗೆ ಹಾಕಬಾರದು. ಹೀಗೆ ಇಟ್ಟರೆ ಒಂದು ವರ್ಷ ಚೆನ್ನಾಗಿರುತ್ತದೆ. ಆಮೇಲೂ ಕೆಡುವುದಿಲ್ಲ, ಆದರೆ ದಿನ ಕಳೆದಂತೆ ಘಮ ಇಳಿಯುತ್ತದೆ.

ಒಗ್ಗರಣೆ: ಆ ಐದಾರು ಸೆಕೆಂಡು

ಮೊದಲ ಸಲ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಅದನ್ನೇ ಬಹಳ ಜನ ಮಾಡುತ್ತಾರೆ. ರೂಢಿಯಂತೆ ಎಣ್ಣೆಗೆ ಸಾಸಿವೆ, ಅದರ ಜೊತೆಗೇ ಜಂಬು ಹಾಕಿದೆ. ಸಾಸಿವೆ ಸಿಡಿಯುವವರೆಗೆ ಕಾದೆ. ಅಷ್ಟರಲ್ಲಿ ಜಂಬು ಇದ್ದಿಲಾಗಿತ್ತು. ಹೋಗಲಿ ಅಂತ ಬೇಳೆಗೆ ಸುರಿದೆ. ಇಡೀ ಪಾತ್ರೆ ಕಹಿಯಾಯಿತು, ಯಾರೂ ತಿನ್ನಲಾಗಲಿಲ್ಲ.

ಎಲೆ ತೆಳ್ಳಗಿದೆ, ಒಣಗಿದೆ, ಒಳಗೆ ನೀರಿಲ್ಲ. ಹಸಿ ಬೆಳ್ಳುಳ್ಳಿಯಲ್ಲಿರುವ ನೀರು ಆವಿಯಾಗುವವರೆಗೆ ಅದನ್ನು ಸುಡದಂತೆ ಕಾಯುತ್ತದೆ. ಜಂಬುವಿಗೆ ಆ ರಕ್ಷಣೆ ಇಲ್ಲ. ಇನ್ನು ಅದರ ಘಮ ಇರುವುದು ಗಂಧಕದ ಸಂಯುಕ್ತಗಳಲ್ಲಿ, ಈರುಳ್ಳಿ ಬೆಳ್ಳುಳ್ಳಿಯಲ್ಲಿ ಇರುವಂತೆಯೇ. ಅವು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಸುಮ್ನೆ ಬೇಳೆಗೆ ಉದುರಿಸಿ ಕುದಿಸಿದರೆ ಅರ್ಧಕ್ಕರ್ಧ ವ್ಯರ್ಥ. ಅದಕ್ಕೇ ತುಪ್ಪ ಬೇಕು, ಬಿಸಿಯೂ ಬೇಕು, ಹೊತ್ತು ಮಾತ್ರ ಜಾಸ್ತಿ ಆಗಬಾರದು.

ಒಲೆ ಹಚ್ಚುವ ಮೊದಲೇ ಎಲ್ಲ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಬೇಳೆ ಬಿಸಿಯಾಗಿ ಪಕ್ಕದಲ್ಲೇ ಇರಲಿ, ಮುಚ್ಚಳ ಅದರ ಹತ್ತಿರವೇ ಇರಲಿ. ನಾಲ್ಕು ಜನರ ಅಡುಗೆಗೆ ಒಂದು ಟೀ ಚಮಚ ಜಂಬು, ಒತ್ತಿ ತುಂಬಬೇಡಿ, ಸಡಿಲವಾಗಿ. ಅದನ್ನು ಒಂದು ತಟ್ಟೆಗೆ ಹಾಕಿ ಕಡ್ಡಿ, ಕಲ್ಲು ಆರಿಸಿ. ಉದ್ದ ಎಳೆಗಳಿದ್ದರೆ ಎರಡು ತುಂಡು ಮಾಡಿ. ತೊಳೆಯಬೇಡಿ. ಒದ್ದೆ ಎಲೆ ತುಪ್ಪದಲ್ಲಿ ಸಿಡಿಯುತ್ತದೆ.

ಸಣ್ಣ ಒಗ್ಗರಣೆ ಸೌಟಿನಲ್ಲಿ ಎರಡು ದೊಡ್ಡ ಚಮಚ ತುಪ್ಪ ಹಾಕಿ ಮಧ್ಯಮ ಉರಿಯಲ್ಲಿಡಿ. ಕಾದಿದೆ ಅನ್ನಿಸಿದಾಗ ಜಂಬುವಿನ ಒಂದೇ ಒಂದು ಎಳೆ ಹಾಕಿ ನೋಡಿ. ಎಳೆ ಸುಮ್ನೆ ಬಿದ್ದುಕೊಂಡಿದ್ದರೆ ತುಪ್ಪ ಇನ್ನೂ ಕಾಯಬೇಕು. ಸುತ್ತ ಸಣ್ಣ ಗುಳ್ಳೆ ಎದ್ದು ಎಳೆ ಮುದುಡಿಕೊಂಡರೆ ಅದೇ ಹದ. ಬಿದ್ದ ತಕ್ಷಣ ಕಪ್ಪಾದರೆ ತುಪ್ಪ ಮಿತಿಮೀರಿ ಕಾದಿದೆ. ಒಲೆ ಆರಿಸಿ ಅರ್ಧ ನಿಮಿಷ ಬಿಡಿ.

ಹದ ಬಂದ ಮೇಲೆ ಮೊದಲು ಒಣಮೆಣಸಿನಕಾಯಿ ಹಾಕಿ. ಅದು ಉಬ್ಬಿ ಬಣ್ಣ ತಿರುಗುವಾಗ ಒಲೆ ಆರಿಸಿ. ಹೌದು, ಜಂಬು ಹಾಕುವ ಮೊದಲೇ ಆರಿಸಿ. ಈಗ ಜಂಬು ಉದುರಿಸಿ ಸೌಟನ್ನು ಒಮ್ಮೆ ಅಲುಗಾಡಿಸಿ. ಹಸಿರು ಬಣ್ಣ ಕಂದಿಗೆ ತಿರುಗುತ್ತದೆ, ಘಮ್ ಅಂತ ಮೂಗಿಗೆ ಹೊಡೆಯುತ್ತದೆ. ಬಣ್ಣ ನೋಡುವುದಕ್ಕಿಂತ ಮೂಗನ್ನು ನಂಬಿ. ಘಮ ಬಂದ ಕ್ಷಣ ಸುರಿಯಿರಿ. ಸೌಟನ್ನೇ ಬೇಳೆಯೊಳಗೆ ಅದ್ದಿದರೆ ಇನ್ನೂ ಒಳ್ಳೆಯದು, ಅಂಟಿಕೊಂಡ ತುಪ್ಪವೂ ಇಳಿಯುತ್ತದೆ. ತಕ್ಷಣ ಮುಚ್ಚಿ. ಐದು ನಿಮಿಷ ತೆಗೆಯಬೇಡಿ.

ನೇಪಾಳದ ಅಡುಗೆಯಲ್ಲಿ ಇದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯುತ್ತಾರೆ. ಎಲೆ ಕಡು ಕಂದು ಬಣ್ಣಕ್ಕೆ ಬರುವವರೆಗೆ ಬಿಡುತ್ತಾರೆ. ಹೊಗೆಯ ರುಚಿ ಜಾಸ್ತಿ ಬರುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅಲ್ಲಿಂದ ಕಹಿಗೆ ಒಂದೇ ಹೆಜ್ಜೆ. ಕೈ ಪಳಗಿದ ಮೇಲೆ ಮಾಡಿ.

ಉದ್ದಿನ ಬೇಳೆಗೆ

ಜಂಬುವನ್ನು ಸರಿಯಾಗಿ ಪರಿಚಯ ಮಾಡಿಕೊಳ್ಳಬೇಕಾದರೆ ಇದರಿಂದಲೇ ಶುರು ಮಾಡಿ. ನೇಪಾಳದ ಮಾಸ್ ಕೋ ದಾಲ್, ಕುಮಾಊಂನ ಉದ್ದಿನ ದಾಲ್, ಎರಡರ ಜೀವವೂ ಈ ಒಗ್ಗರಣೆಯಲ್ಲೇ ಇದೆ. ಉದ್ದಿನ ಲೋಳೆ ಲೋಳೆ ಮಂದತನಕ್ಕೆ ಜಂಬುವಿನ ಚುರುಕು ಹೊಂದುತ್ತದೆ. ಮುಸ್ತಾಂಗ್ ಕಡೆಯ ಥಕಾಲಿ ಜನರ ಊಟದ ತಟ್ಟೆ ನೇಪಾಳದಲ್ಲೆಲ್ಲ ಪ್ರಸಿದ್ಧ. ಆ ತಟ್ಟೆಯ ಕಪ್ಪು ಬೇಳೆಯಲ್ಲಿ ತೇಲುವ ಎಳೆಗಳು ಇವೇ.

ಕಪ್ಪು ಸಿಪ್ಪೆ ಇರುವ ಒಡೆದ ಉದ್ದು ಒಂದು ಕಪ್. ಬಿಳಿ ಬೇಳೆ ಬೇಡ, ಸಿಪ್ಪೆಯಲ್ಲೇ ಮಣ್ಣಿನಂಥ ಒಂದು ರುಚಿ ಇದೆ. ತೊಳೆದು ಒಂದು ಗಂಟೆ ನೆನೆಸಿ. ನೆನೆಸುವಾಗ ಬಿಟ್ಟುಕೊಂಡ ಸಿಪ್ಪೆಯನ್ನು ಚೆಲ್ಲಬೇಡಿ. ನಾಲ್ಕು ಕಪ್ ನೀರು, ಅರ್ಧ ಚಮಚ ಅರಿಶಿನ, ಜಜ್ಜಿದ ಒಂದಿಂಚು ಶುಂಠಿ, ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ವಿಷಲ್ ಬರಿಸಿ. ಟೊಮೆಟೊ, ಈರುಳ್ಳಿ, ಗರಂ ಮಸಾಲೆ ಯಾವುದೂ ಬೇಡ. ಹಾಕಿದರೆ ಜಂಬು ಎಲ್ಲೋ ಮರೆಯಾಗುತ್ತದೆ.

ಕುಕ್ಕರ್ ತಣ್ಣಗಾದ ಮೇಲೆ ಬೇಳೆಯನ್ನು ಕಬ್ಬಿಣದ ಬಾಣಲೆಗೆ ಸುರಿದು, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಬಣ್ಣ ಗಾಢವಾಗುತ್ತದೆ, ಬೇಳೆ ಒಂದಕ್ಕೊಂದು ಕೂಡಿಕೊಂಡು ಬರುತ್ತದೆ. ಸೌಟಿನಿಂದ ಎತ್ತಿ ಬಿಟ್ಟರೆ ನೀರಿನಂತೆ ಬೀಳದೆ ದಾರದಂತೆ ಇಳಿಯಬೇಕು. ಆಗ ಮೇಲೆ ಹೇಳಿದ ಒಗ್ಗರಣೆ. ಬಿಸಿ ಅನ್ನದ ಜೊತೆ ತಿನ್ನಿ. ಊಟ ಮುಗಿಯುವವರೆಗೆ ಬೇಳೆಯನ್ನು ಅದೇ ಬಾಣಲೆಯಲ್ಲಿ ಬಿಡದೆ ಸ್ಟೀಲ್ ಪಾತ್ರೆಗೆ ತೆಗೆಯಿರಿ. ಕಬ್ಬಿಣದಲ್ಲಿ ಹೆಚ್ಚು ಹೊತ್ತು ಇದ್ದರೆ ಒಗರು ಹಿಡಿಯುತ್ತದೆ.

ಆಲೂ ಕೇ ಗುಟ್ಕೆ

ಕುಮಾಊಂನ ಆಲೂಗೆಡ್ಡೆ ಪಲ್ಯ ಇದು. ಕೆಲವರು ಜಖಿಯಾ ಎಂಬ ಸಣ್ಣ ಕಾಡು ಬೀಜದಿಂದ ಒಗ್ಗರಿಸುತ್ತಾರೆ, ಕೆಲವರು ಜಂಬುವಿನಿಂದ. ನನಗೆ ಜಂಬು ಹಾಕಿದ್ದೇ ಇಷ್ಟ.

ಅರ್ಧ ಕೆಜಿ ಆಲೂಗೆಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಬಿಸಿಯಲ್ಲೇ ಹೆಚ್ಚಿದರೆ ಮುದ್ದೆಯಾಗುತ್ತದೆ. ಸಿಪ್ಪೆ ತೆಗೆದು ದೊಡ್ಡ ದೊಡ್ಡ ತುಂಡು ಮಾಡಿ. ಒಂದು ಚಮಚ ಕೊತ್ತಂಬರಿ ಪುಡಿ, ಅರ್ಧ ಚಮಚ ಅರಿಶಿನ, ಅರ್ಧ ಚಮಚ ಖಾರದ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿಟ್ಟುಕೊಳ್ಳಿ. ಈ ನೀರಿನ ಮಸಾಲೆಯೇ ಇಲ್ಲಿ ಜಂಬುವನ್ನು ಕಾಪಾಡುವುದು.

ಮೂರು ಚಮಚ ಸಾಸಿವೆ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಒಲೆ ಆರಿಸಿ ಒಂದು ನಿಮಿಷ ಆರಲು ಬಿಡಿ. ಹಸಿ ಎಣ್ಣೆಯ ಘಾಟು ಹೋಗಬೇಕು, ಆದರೆ ಆ ಬಿಸಿಗೆ ಜಂಬು ತಡೆಯುವುದಿಲ್ಲ. ಆಮೇಲೆ ಸಣ್ಣ ಉರಿ ಹಚ್ಚಿ ಎರಡು ಒಣಮೆಣಸಿನಕಾಯಿ, ನಂತರ ಒಂದು ಚಮಚ ಜಂಬು ಹಾಕಿ. ಘಮ ಬಂದೊಡನೆ ಕಲಸಿಟ್ಟ ಮಸಾಲೆ ಸುರಿಯಿರಿ. ಅದರ ನೀರು ಎಣ್ಣೆಯ ಬಿಸಿಯನ್ನು ಇಳಿಸುತ್ತದೆ, ಜಂಬು ಸುಡುವುದು ನಿಲ್ಲುತ್ತದೆ. ನೀರು ಇಂಗಿ ಎಣ್ಣೆ ಬಿಟ್ಟಾಗ ಆಲೂಗೆಡ್ಡೆ, ಉಪ್ಪು ಹಾಕಿ, ಮುರಿಯದಂತೆ ಮೇಲೆ ಕೆಳಗೆ ಮಾಡುತ್ತಾ ಏಳೆಂಟು ನಿಮಿಷ ಬಿಡಿ. ಅಂಚು ಅಲ್ಲಲ್ಲಿ ಕೆಂಪಗಾಗಲಿ. ಕೊನೆಗೆ ಕೊತ್ತಂಬರಿ ಸೊಪ್ಪು.

ಇನ್ನು ಎಲ್ಲಿ ಹಾಕಬಹುದು, ಎಲ್ಲಿ ಬೇಡ

ಬೆಟ್ಟದ ಜನ ಗಹತ್ ಎಂದು ಕರೆಯುವ ಹುರುಳಿಯ ಕಟ್ಟಿಗೆ ತುಂಬಾ ಹೊಂದುತ್ತದೆ. ಭಟ್ ಎಂಬ ಕಪ್ಪು ಸೋಯಾ ಕಾಳಿನ ಗೊಜ್ಜಿಗೂ, ಮುನ್ಸಿಯಾರಿಯ ರಾಜ್ಮಾಕ್ಕೂ ಆಗುತ್ತದೆ. ಮಾಂಸದ ಸಾರಿಗೆ ಹಾಕುವುದಾದರೆ ಕೊನೆಗೆ, ಇಳಿಸುವ ಮುಂಚೆ ಒಗ್ಗರಿಸಿ. ಎಲ್ಲೇ ಹಾಕಿದರೂ ಇಂಗಿನ ಜೊತೆ ಮಾತ್ರ ಸೇರಿಸಬೇಡಿ. ಎರಡೂ ಒಂದೇ ಜಾತಿಯ ವಾಸನೆ, ಇಂಗು ಗೆದ್ದುಬಿಡುತ್ತದೆ. ತೆಂಗಿನಕಾಯಿ, ಹುಣಸೆಹಣ್ಣು ಜಾಸ್ತಿ ಇರುವ ಅಡುಗೆಯಲ್ಲೂ ಅದರ ದನಿ ಕೇಳುವುದಿಲ್ಲ.

ಜಂಬು ಸಿಗದಿದ್ದರೆ? ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ ತುಪ್ಪದಲ್ಲಿ ಕೆಂಪಗೆ ಹುರಿದರೆ ಬೇಳೆ ರುಚಿಯಾಗುತ್ತದೆ. ಆದರೆ ಅದು ಬೆಳ್ಳುಳ್ಳಿ ಬೇಳೆ, ಜಂಬುವಿನ ಬೇಳೆಯಲ್ಲ.

ವ್ರತದಲ್ಲಿರುವವರು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಮನೆಗೆ ಊಟಕ್ಕೆ ಬಂದರೆ ಮೊದಲೇ ಹೇಳಿ. ನೋಡಲು ಸೊಪ್ಪಿನ ಪುಡಿಯಂತಿದ್ದರೂ ಇದು ಅದೇ ಕುಲ. ನಾಯಿ, ಬೆಕ್ಕು ಇರುವ ಮನೆಯಲ್ಲಿ ಉಳಿದ ಬೇಳೆ ಅನ್ನವನ್ನು ಅವುಗಳ ತಟ್ಟೆಗೆ ಹಾಕಬೇಡಿ. ಈರುಳ್ಳಿ ಕುಲದ ಯಾವುದೂ ಅವುಗಳ ರಕ್ತಕ್ಕೆ ಒಳ್ಳೆಯದಲ್ಲ.

ಉಳಿದ ಬೇಳೆ ಮರುದಿನಕ್ಕೆ ಇನ್ನೂ ಗಟ್ಟಿಯಾಗಿರುತ್ತದೆ. ಅರ್ಧ ಕಪ್ ಬಿಸಿನೀರು ಬೆರೆಸಿ ಕುದಿಸಿ. ಹಿಂದಿನ ರಾತ್ರಿಯ ಘಮ ಇಳಿದಿರುತ್ತದೆ, ಹಾಗಾಗಿ ಒಂದು ಚಮಚ ತುಪ್ಪದಲ್ಲಿ ಅರ್ಧ ಚಿಟಿಕೆ ಜಂಬುವನ್ನು ಹೊಸದಾಗಿ ಒಗ್ಗರಿಸಿ, ಮುಚ್ಚಿಟ್ಟು, ರೊಟ್ಟಿ ಬೇಯುವವರೆಗೆ ಬಿಡಿ.